‘ಲಾಯಿತು’ ಇಲ್ಲದ ಪತ್ರಿಕೆ

ಜೂನ್ ೪

ಪುಟ್ಟಿ,

ನಿನ್ನ ಕಾಗದ ಬಂತು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಈ ಅಭಿಪ್ರಾಯವನ್ನು ಒಪ್ಪುತ್ತಿಲ್ಲ. ಉತ್ತರವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ, ಹೂಂ’ ಅನ್ನುತ್ತಾ ಇನ್ನೊಂದು ಕೈಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿರುತ್ತೀಯ. ಕಾಗದವಾದರೆ ಒಂದು ಸಲವಾದರೂ ಕೊನೆಯವರೆಗೆ ಓದುತ್ತೀಯ.

ನೀನೂ ಕಂಪ್ಯೂಟರ್ ವಿಭಾಗದ ಆ ಗುಂಗುರು ಕೂದಲಿನ ಮೇಷ್ಟ್ರೂ ಸೇರಿ ಪತ್ರಿಕೆ ತರುತ್ತೀರಿ ಅಂತ ತಿಳಿದು ಸಂತೋಷವಾಯಿತು. ‘ತಂತ್ರಜ್ಞಾನ ಮತ್ತು ರಾಜಕಾರಣ: ಸಂಶೋಧನಾ ಪತ್ರಿಕೆ’ ಅನ್ನುವುದು ಹೆಸರಲ್ಲ ಕಣೇ, ವಿಳಾಸ. ಕರೆಯುವುದಕ್ಕೆ ಒಂದು ಹೆಸರು ಬೇಕು. ಯೋಚಿಸುತ್ತಿದ್ದೇನೆ.

ಪ್ರತಿ ಲೇಖನವನ್ನೂ ಇಬ್ಬರು ಪಂಡಿತರ ಜೊತೆ ಕಾಲೇಜಿನ ಹೊರಗಿನವರೊಬ್ಬರು ಓದಬೇಕು, ಆ ಹೊರಗಿನವನು ನಾನಾಗಬೇಕು ಅಂತ ಬರೆದಿದ್ದೀಯ. ಅಪ್ಪ ಮನೆಯಲ್ಲಿ ಒಬ್ಬನೇ ಗೋಡೆ ನೋಡುತ್ತಾ ಕೂತಿದ್ದಾನೆ, ಏನಾದರೂ ಕೆಲಸ ಹಚ್ಚೋಣ ಅನ್ನುವ ಲೆಕ್ಕ ಇದರಲ್ಲಿದೆ ಎಂದು ನನಗೆ ತಿಳಿಯದೇ ಇಲ್ಲ. ಇರಲಿ, ಒಪ್ಪಿದ್ದೇನೆ.

ಒಂದು ಅನುಮಾನ. ‘ಡಬಲ್ ಬ್ಲೈಂಡ್ ಪಿಯರ್ ರಿವ್ಯೂ’ ಅಂತ ಬರೆದಿದ್ದೀಯಲ್ಲ, ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನು ತಲೆಯ ಅಟ್ಟದಿಂದ ಇಳಿಸಿ ಧೂಳು ಕೊಡವಿ ನೋಡಿದೆ. ಪಿಯರ್ ಅಂದರೆ ಕಣ್ಣು ಕಿರಿದು ಮಾಡಿ ಇಣುಕಿ ನೋಡುವುದು. ನಮ್ಮ ಪಾಠದಲ್ಲಿ ಒಬ್ಬ ಮುದುಕ ಕಿಟಕಿಯಿಂದ ಪಿಯರ್ ಮಾಡುತ್ತಿದ್ದ. ಡಬಲ್ ಬ್ಲೈಂಡ್ ಅಂದರೆ ಎರಡೂ ಕಣ್ಣು ಇಲ್ಲದವನು. ಎರಡೂ ಕಣ್ಣಿಲ್ಲದವನು ಇಣುಕಿ ನೋಡುವುದು ಹೇಗಮ್ಮಾ? ಯಾವುದಕ್ಕೂ ಇರಲಿ ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕನ್ನಡಕ ಬದಲಿಸಿಕೊಂಡು ಬಂದೆ.

ಅಮ್ಮನ ಶಾಲು ಕಳಿಸು ಅಂದಿದ್ದೀಯ. ಕಪಾಟಿಗೆ ಬೀಗ ಹಾಕಲಾಗಿದೆ. ಮುಂದೆ ನೋಡೋಣ.

ಹೊಸ ಕನ್ನಡಕದೊಂದಿಗೆ,
ಅಪ್ಪ

ಜೂನ್ ೧೬

ಅಪ್ಪಾ,

ನಿನ್ನ ಕಾಗದವನ್ನು ವಿಭಾಗದಲ್ಲಿ ಓದಬಾರದಿತ್ತು. ನಕ್ಕು ನಕ್ಕು ಗುಂಗುರು ಮೇಷ್ಟ್ರು ಚಹಾದ ಲೋಟ ಬೀಳಿಸಿದರು.

ಈ ಪಿಯರ್ ಬೇರೆ. ಸರೀಕರು ಅಂತ ಅರ್ಥ. ಒಬ್ಬರು ಬರೆದದ್ದನ್ನು ಅವರ ಸರೀಕರು ಓದಿ ನೋಡುವುದು. ಬ್ಲೈಂಡ್ ಅಂದರೆ ಬರೆದವರು ಯಾರೆಂದು ಓದುವವರಿಗೆ ತಿಳಿಯಬಾರದು, ಓದಿದವರು ಯಾರೆಂದು ಬರೆದವರಿಗೂ ತಿಳಿಯಬಾರದು. ದೊಡ್ಡವರ ಹೆಸರು ಕಂಡರೆ ಓದುವವರ ಕೈ ನಡುಗುತ್ತದೆ, ಬೇಕಾದವರ ಹೆಸರು ಕಂಡರೆ ಮನಸ್ಸು ಕರಗುತ್ತದೆ. ಅದಕ್ಕೆ ಈ ಪರದೆ. ಅಚ್ಚಾಗುವಾಗ ಬರೆದವರ ಹೆಸರು ಇದ್ದೇ ಇರುತ್ತದೆ.

ಲೇಖನಗಳನ್ನು ಹೆಸರು ತೆಗೆದು ಗುಂಗುರು ಮೇಷ್ಟ್ರೇ ಅಂಚೆಯಲ್ಲಿ ಕಳಿಸುತ್ತಾರೆ. ನಿನಗೆ ಅರ್ಥವಾಗದ ಕಡೆ ‘ಅರ್ಥವಾಗಲಿಲ್ಲ’ ಅಂತ ಬರೆ, ಸಾಕು. ಅಭಿಪ್ರಾಯದ ಕೆಳಗೆ ನಿನ್ನ ಹೆಸರು ಹಾಕಬೇಡ.

ಪ್ರಿನ್ಸಿಪಾಲರು ಮೇಲಿನ ಮಹಡಿಯ ಕೋಣೆ ಕೊಟ್ಟಿದ್ದಾರೆ. ಹಳೆಯ ಪ್ರಯೋಗಾಲಯ, ಸಿಂಕಿನ ಮೇಲೆ ಹಲಗೆ ಹಾಕಿ ಮೇಜು ಮಾಡಿಕೊಂಡಿದ್ದೇವೆ. ಪತ್ರಿಕೆಯ ಮೇಲೆ ಕಾಲೇಜಿನ ಹೆಸರು ಇರಲಿ ಅಂದಿದ್ದಾರೆ. ಮುಂದಿನ ವರ್ಷ ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡುವ ಮಾತೂ ಇದೆ.

ಶಾಲಿಗೆ ಅವಸರವಿಲ್ಲ.

ಪುಟ್ಟಿ

ಜುಲೈ ೧೦

ಪುಟ್ಟಿ,

ಮೊದಲ ಎರಡು ಲೇಖನಗಳ ಮೇಲೆ ನನ್ನ ಅಭಿಪ್ರಾಯ ನಿನ್ನ ಗುಂಗುರು ಮೇಷ್ಟ್ರಿಗೆ ಸೇರಿರಬೇಕು. ಚುನಾವಣೆಯ ಸುಳ್ಳು ವಿಡಿಯೋಗಳ ಲೇಖನ ಚೆನ್ನಾಗಿದೆ, ಆದರೆ ಮೊದಲ ವಾಕ್ಯ ಶುರುವಾದದ್ದು ಮುಗಿಯುವಷ್ಟರಲ್ಲಿ ನನ್ನ ಚಹಾ ಆರಿತ್ತು. ನೀರಿನ ಮೀಟರಿನ ಲೇಖನ ನನಗೆ ಪೂರ್ತಿ ಅರ್ಥವಾಯಿತು. ಹಾಗಾದರೆ ಅದು ಸಂಶೋಧನೆ ಹೌದೋ ಅಲ್ಲವೋ ಅಂತ ಒಂದು ಸಂಶಯ ಮಾತ್ರ ಉಳಿದಿದೆ.

ಹೆಸರು ಹಾಕಬೇಡ ಅಂದಿದ್ದೀಯ. ನನಗದು ಒಗ್ಗುವುದಿಲ್ಲ. ಹೆಸರಿಲ್ಲದ ಮಾತು ಅಂದರೆ ಪಾಯಖಾನೆಯ ಗೋಡೆಯ ಮೇಲಿನ ಬರಹ. ಆದರೂ ಸಂಪಾದಕಿ ನೀನು, ನಿನ್ನ ಮಾತು ನಡೆಯಲಿ.

ಇಲ್ಲಿ ಏನಾಯಿತು ಕೇಳು. ನಿಮ್ಮೂರಿನ ಬಸ್ಸುಗಳಲ್ಲಿರುವ ಮುಖ ನೋಡುವ ಯಂತ್ರ ಈಗ ನಮ್ಮ ಬಸ್ಸುಗಳಿಗೂ ಬಂದಿದೆ. ಹಿರಿಯರು ಪಾಸು ತೋರಿಸಬೇಕಿಲ್ಲ, ಬಾಗಿಲಲ್ಲಿ ನಿಂತು ಮುಖ ತೋರಿಸಿದರೆ ಹಸಿರು ದೀಪ ಹತ್ತುತ್ತದೆ. ನಮ್ಮ ಬೀದಿಯ ದರ್ಜಿ ಗೊತ್ತಲ್ಲ, ನಿನ್ನ ಶಾಲೆಯ ಅಂಗಿಗಳನ್ನೆಲ್ಲ ಒಂದು ಬೆರಳು ಉದ್ದ ಹೊಲಿದುಕೊಟ್ಟವನು. ಅವನೂ ನಾನೂ ಪೇಟೆಗೆ ಹೊರಟಿದ್ದೆವು. ಅವನಿಗೆ ಕೆಂಪು ದೀಪ ಬಂತು.

‘ಅಜ್ಜಾ, ಮುಖ ಸರಿಯಾಗಿ ತೋರ್ಸಿ’ ಅಂದ ಕಂಡಕ್ಟರ್.

‘ಇರೋದೊಂದೇ ಮುಖ ಕಣಪ್ಪಾ. ಇನ್ನೆಷ್ಟು ಸರಿಯಾಗಿ ತೋರ್ಸ್ಲಿ?’

‘ಪಟ್ಟಿಯಿಂದ ತೆಗೆದುಹಾಕಲಾಗಿದೆ ಅಂತ ಬರ್ತಿದೆ. ಇಳೀರಿ, ಹಿಂದಿನವ್ರು ಹತ್ಬೇಕು.’

‘ಹೊಸಾ ಹಲ್ಲು ಕಟ್ಟಿಸ್ಕೊಂಡಿದೀನಿ ಕಣಯ್ಯಾ. ಮೊದಲ್ನೇ ದಿನ ನನ್ನ ಹೆಂಡ್ತಿಗೂ ಗುರುತು ಸಿಗ್ಲಿಲ್ಲ. ಆದ್ರೆ ಅವ್ಳು ಬಾಗ್ಲು ಹಾಕ್ಕೊಳ್ಲಿಲ್ಲ.’

ಇಡೀ ಬಸ್ಸು ನಕ್ಕಿತು. ಆದರೂ ಅವನು ಇಳಿಯಬೇಕಾಯಿತು. ನಾನೂ ಇಳಿದೆ. ಇಬ್ಬರೂ ನಡೆದೆವು. ದಾರಿಯುದ್ದಕ್ಕೂ ಅವನು ಹಲ್ಲು ತೆಗೆಯುವುದು, ಹಾಕಿಕೊಳ್ಳುವುದು, ‘ಈಗ ನೋಡು, ನಾನು ನಾನೇನಾ?’ ಅನ್ನುವುದು. ಮನೆ ಹತ್ತಿರ ಬರುವಷ್ಟರಲ್ಲಿ ಅವನಿಗೆ ನಗು ನಿಂತಿತ್ತು.

ಇದರ ಬಗ್ಗೆ ಯಾರಾದರೂ ಲೇಖನ ಬರೆಯಬೇಕು. ಬರೆಸು.

ನಡೆದು ದಣಿದ,
ಅಪ್ಪ

ಆಗಸ್ಟ್ ೨

ಸಂಪಾದಕಿಯವರೇ,

ಇದು ಅಪ್ಪನ ಕಾಗದವಲ್ಲ, ಹೊರಗಿನ ಓದುಗನ ಕಾಗದ. ಮೂರನೆಯ ಲೇಖನದ ವಿಷಯ ಗುಂಗುರು ಮೇಷ್ಟ್ರಿಗೆ ಬರೆದರೆ ಸಾಲದು ಅನ್ನಿಸಿ ನಿನಗೇ ಬರೆಯುತ್ತಿದ್ದೇನೆ.

ನಾನು ಬರೆಸು ಅಂದ ವಿಷಯವೇ ಬಂದಿದೆ: ಬಸ್ಸಿನ ಮುಖದ ಯಂತ್ರ. ಮುಖ ಪಾಸಿನ ಫೋಟೋದ ಜೊತೆ ನೂರಕ್ಕೆ ಎಂಬತ್ತರಷ್ಟು ಹೊಂದದಿದ್ದರೆ ಯಂತ್ರ ಹೆಸರು ಹೊಡೆದುಹಾಕುತ್ತದೆ ಅನ್ನುವುದನ್ನು ನಾನು ಇದರಿಂದಲೇ ತಿಳಿದೆ. ಬರೆದವರಿಗೆ ಬುದ್ಧಿ ಇದೆ, ಶ್ರಮ ಇದೆ. ಆದರೆ ಬೆನ್ನುಮೂಳೆ ಇಲ್ಲ.

ಯಾಕೆ ಅಂತೀಯಾ? ‘ಎಂಬತ್ತು ಎಂದು ನಿಗದಿಪಡಿಸಲಾಯಿತು.’ ‘ಆಕ್ಷೇಪಣೆಗಳನ್ನು ಪರಿಗಣಿಸಲಾಗಿಲ್ಲ.’ ‘ಹೆಸರುಗಳನ್ನು ಕೈಬಿಡಲಾಯಿತು.’ ಪುಟ ತಿರುಗಿಸಿದರೆ ಲಾಯಿತು, ಲಾಗಿದೆ, ಲಾಗುವುದು. ಇಡೀ ಸಂಸಾರವೇ ಬಂದು ಠಿಕಾಣಿ ಹೂಡಿದೆ. ಮಾಡಿದವರು ಮಾತ್ರ ಪತ್ತೆಯಿಲ್ಲ.

ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರು ಇದನ್ನು ಪ್ಯಾಸಿವ್ ವಾಯ್ಸ್ ಅನ್ನುತ್ತಿದ್ದರು. ‘ದಿ ರ‍್ಯಾಟ್ ವಾಸ್ ಕಿಲ್ಡ್’ ಅಂತ ನಾವು ಬರೆದು ಬೀಗಿದರೆ, ಡಸ್ಟರಿನಿಂದ ಮೇಜಿಗೆ ಬಡಿದು ‘ಬೈ ಹೂಮ್?’ ಅನ್ನುವರು. ನನ್ನ ಇಂಗ್ಲಿಷೆಲ್ಲ ಸೋರಿಹೋಗಿ ಈ ಎರಡು ಪದ ತಳದಲ್ಲಿ ನಿಂತಿವೆ.

ಲಾಯಿತು ನನಗೆ ಹೊಸದಲ್ಲ. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ‘ಬಸ್ಸನ್ನು ರದ್ದುಪಡಿಸಲಾಗಿದೆ’ ಅಂತ ಹೇಳಿಯೇ ಸಂಬಳ ತಿಂದವನು ನಾನು. ಆ ಅಭ್ಯಾಸ ಮನೆಗೂ ಬಂದಿತ್ತು. ‘ಹಾಲು ಉಕ್ಕಿಸಲಾಗಿದೆ’ ಅಂತ ನಾನು ಅಡುಗೆಮನೆಯಿಂದ ಪ್ರಕಟಿಸಿದರೆ ನಿನ್ನಮ್ಮ ‘ಯಾರು?’ ಅನ್ನುತ್ತಿದ್ದಳು. ‘ಒಲೆ’ ಅಂದರೆ, ‘ಒಲೆ ಹಚ್ಚಿದ್ದು ಯಾರು?’ ಅವಳ ಮುಂದೆ ಒಂದೇ ಒಂದು ಲಾಯಿತು ಉಳಿಯುತ್ತಿರಲಿಲ್ಲ.

ದರ್ಜಿಗೆ ಈ ಲೇಖನದ ಆ ಭಾಗ ಓದಿ ಹೇಳಿದೆ. ಅವನು ಕೇಳಿದ್ದೂ ಅದನ್ನೇ. ‘ಎಂಬತ್ತು ಅಂತ ಹೇಳಿದ್ದು ಯಾವನು? ಎಪ್ಪತ್ತು ಅಂದಿದ್ರೆ ನಾನು ಬಸ್ಸಲ್ಲಿ ಕೂತಿರ್ತಿದ್ದೆ.’

ಬರೆದವರಿಗೆ ಆ ಹೆಸರುಗಳು ಗೊತ್ತಿವೆ. ಗೊತ್ತಿಲ್ಲದವನು ಇಷ್ಟು ಜಾಣತನದಿಂದ ಸುತ್ತಿ ಬಳಸಿ ನಡೆಯಲಾರ, ಗುಂಡಿ ಎಲ್ಲಿದೆ ಅಂತ ಗೊತ್ತಿದ್ದವನೇ ಹಾಗೆ ನಡೆಯುವುದು. ನನ್ನ ತೀರ್ಪು: ಈ ಲೇಖನ ಹೀಗೇ ಅಚ್ಚಾಗಬಾರದು. ಯಾರು ಅಂತ ಹೇಳಲಿ, ಇಲ್ಲವೇ ಸುಮ್ಮನಿರಲಿ.

ಹೊರಗಿನ ಓದುಗ
(ಹೆಸರು ಹಾಕಿಲ್ಲ, ಗಮನಿಸು)

ಸೆಪ್ಟೆಂಬರ್ ೨೧

ಪುಟ್ಟಿ,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಫೋನು ಮಾಡಿದರೆ ‘ಕ್ಲಾಸಿದೆ ಅಪ್ಪಾ’ ಅನ್ನುತ್ತೀಯ. ಭಾನುವಾರವೂ ಕ್ಲಾಸು ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ನಿನ್ನೆ ಆ ಮೂರನೆಯ ಲೇಖನವನ್ನು ಮತ್ತೆ ತೆಗೆದೆ. ಮೊದಲ ಸಲ ಪುಟದ ಕೆಳಗಿನ ಇರುವೆ ಅಕ್ಷರಗಳನ್ನು ಓದಿರಲಿಲ್ಲ. ಅವು ಪಂಡಿತರು ಪಂಡಿತರಿಗೆ ಹೊಡೆಯುವ ಸಲಾಮು ಅಂದುಕೊಂಡಿದ್ದೆ. ಹೊಸ ಕನ್ನಡಕಕ್ಕೆ ಕೊಟ್ಟ ದುಡ್ಡಾದರೂ ಹುಟ್ಟಲಿ ಅಂತ ಓದಿದೆ. ಒಂದು ಕಡೆ ಹೀಗಿದೆ: ‘ಈ ಬದಲಾವಣೆಯನ್ನು ನಿಲ್ದಾಣದ ಗೊಣಗುಪೆಟ್ಟಿಗೆಯಲ್ಲಿ ಮಾತ್ರ ಪ್ರಕಟಿಸಲಾಯಿತು.’

ಗೊಣಗುಪೆಟ್ಟಿಗೆ. ಲೌಡ್‌ಸ್ಪೀಕರಿಗೆ ಆ ಹೆಸರಿಟ್ಟವಳು ಈ ಲೋಕದಲ್ಲಿ ಒಬ್ಬಳೇ, ನಿನ್ನಮ್ಮ. ಮಧ್ಯಾಹ್ನ ಬುತ್ತಿ ತಂದಾಗ ನಿಲ್ದಾಣದ ಕಂಬದ ಕೆಳಗೆ ನಿಂತು, ‘ಇವತ್ತು ನಿಮ್ಮ ಗೊಣಗುಪೆಟ್ಟಿಗೆಗೆ ನೆಗಡಿ’ ಅನ್ನುತ್ತಿದ್ದಳು. ಆ ಮಾತು ನಮ್ಮ ಮನೆಯ ಹೊಸಿಲು ದಾಟಿರಲಿಲ್ಲ. ನೀನು ದಾಟಿಸಿದ್ದೀಯ.

ಬೆನ್ನುಮೂಳೆ ಇಲ್ಲ ಅಂತ ಬರೆದೆನಲ್ಲ, ಬರೆದವಳು ನೀನು ಅಂತ ತಿಳಿದಿದ್ದರೆ ಸ್ವಲ್ಪ ಸಕ್ಕರೆ ಸವರಿ ಬರೆಯುತ್ತಿದ್ದೆ. ‘ಬೇಕಾದವರ ಹೆಸರು ಕಂಡರೆ ಮನಸ್ಸು ಕರಗುತ್ತದೆ’ ಅಂತ ನೀನು ಹೇಳಿದ್ದು ಇದೇ. ನಿನ್ನ ಕುರುಡು ಪದ್ಧತಿ ಈಗ ನನಗೆ ಅರ್ಥವಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ತಿಳಿದ ಮೇಲೂ ನನ್ನ ತೀರ್ಪು ಬದಲಾಗಿಲ್ಲ. ಬೆನ್ನುಮೂಳೆಯ ಮಾತು ಕಟುವಾಯಿತು, ಅದಕ್ಕೆ ಬೇಕಾದರೆ ನಾಲ್ಕು ದಿನ ಬೈಯ್ಯಿ. ಪ್ರಶ್ನೆ ಮಾತ್ರ ಹಾಗೇ ಇದೆ. ಎಂಬತ್ತು ಅಂದದ್ದು ಯಾರು?

ಉತ್ತರ ಬರೆ. ಬೈಗುಳವಾದರೂ ಸರಿ.

ಅಪ್ಪ

ಅಕ್ಟೋಬರ್ ೪

ಅಪ್ಪಾ,

ಬೈಯುವುದಕ್ಕೇ ಬರೆಯುತ್ತಿದ್ದೇನೆ.

ನನ್ನ ಲೇಖನವನ್ನು ನಾನು ಮುಟ್ಟುವಂತಿರಲಿಲ್ಲ, ಹಾಗಾಗಿ ಗುಂಗುರು ಮೇಷ್ಟ್ರೇ ಎಲ್ಲ ಮಾಡಿದರು. ಹೆಸರು ತೆಗೆದ ಮೇಲೆ ಲೇಖನ ಯಾರದ್ದಾದರೇನು, ಹೊರಗಿನ ಓದುಗ ಅಂದರೆ ಹೊರಗಿನ ಓದುಗ, ಇದು ಅವರ ಲೆಕ್ಕ. ಉಳಿದ ಇಬ್ಬರು ಪಂಡಿತರು ‘ಪ್ರಕಟಣೆಗೆ ಯೋಗ್ಯ’ ಅಂದರು. ನೀನೊಬ್ಬನೇ ಬೇಡ ಅಂದದ್ದು. ಎಷ್ಟು ದಿನ ನಿನ್ನ ಮೇಲೆ ಕೋಪವಿತ್ತು ಗೊತ್ತಾ? ಮೈಕಿನ ಹಿಂದೆ ಕೂತು ಬದುಕಿದವನಿಗೆ ಬೆನ್ನುಮೂಳೆಯ ಮಾತು ಯಾಕೆ ಅಂತಲೂ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಎಂಬತ್ತು ಅಂತ ಗೊತ್ತು ಮಾಡಿದ್ದು ಸಾರಿಗೆಯವರು ನೇಮಿಸಿದ ಒಂದು ಸಮಿತಿ. ಅದರ ಅಧ್ಯಕ್ಷರು ನಮ್ಮ ಪ್ರಿನ್ಸಿಪಾಲರು. ನಮಗೆ ಕೋಣೆ ಕೊಟ್ಟವರು. ಸಭೆಯ ನಡಾವಳಿಯನ್ನು ಸಾರಿಗೆಯವರ ಜಾಲತಾಣದಲ್ಲೇ ಹಾಕಿದ್ದಾರೆ, ಗುಟ್ಟೇನಲ್ಲ. ಯಾರೂ ಓದುವುದಿಲ್ಲ ಅಷ್ಟೆ. ನಾನು ಓದಿದೆ. ಓದಿ, ‘ನಿಗದಿಪಡಿಸಲಾಯಿತು’ ಅಂತ ಬರೆದೆ.

ಮೊನ್ನೆ ಅವರ ಕೋಣೆಗೇ ಹೋಗಿ ಕೇಳಿದೆ. ಕೂರಿಸಿ, ಪ್ರೀತಿಯಿಂದಲೇ ಮಾತಾಡಿದರು.

‘ಬರೀರಮ್ಮಾ, ಧಾರಾಳವಾಗಿ ಬರೀರಿ. ಯಂತ್ರದ ತಪ್ಪು ಅಂತ ಬರೀರಿ, ವ್ಯವಸ್ಥೆಯ ತಪ್ಪು ಅಂತ ಬರೀರಿ. ಹೆಸರು ಯಾಕೆ ಬೇಕು? ಇದೇನು ಪೊಲೀಸ್ ಸ್ಟೇಷನ್ನಾ?’

‘ಎಂಬತ್ತು ಅಂತ ಯಾಕೆ ಸರ್?’

‘ನೂರಕ್ಕೆ ಎಂಬತ್ತು ಒಳ್ಳೇ ಮಾರ್ಕ್ಸ್ ಅಲ್ವೇನ್ರೀ?’

ಅವರು ತಮಾಷೆ ಮಾಡುತ್ತಿರಲಿಲ್ಲ ಅಪ್ಪಾ. ಅಷ್ಟೇ ಕಾರಣ. ಹೆಸರು ಬಂದರೆ ಕಾಲೇಜಿನ ಹೆಸರೂ ಕೋಣೆಯೂ ಪತ್ರಿಕೆಗೆ ಇರುವುದಿಲ್ಲ ಅಂತಲೂ ಅಷ್ಟೇ ಪ್ರೀತಿಯಿಂದ ಹೇಳಿದರು. ನನ್ನ ಮುಖ್ಯಸ್ಥೆಯ ಕುರ್ಚಿಯ ಮಾತು ಅವರು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ನಿನಗೆ ಪ್ರಶ್ನೆ ಕೇಳುವುದು ಸುಲಭ. ಈಗ ನನ್ನದೊಂದು. ಜೂನ್ ತಿಂಗಳ ನಿನ್ನ ಕಾಗದ ನನ್ನ ಮುಂದಿದೆ. ‘ಕಪಾಟಿಗೆ ಬೀಗ ಹಾಕಲಾಗಿದೆ.’

ಯಾರು?

ಪುಟ್ಟಿ

ಅಕ್ಟೋಬರ್ ೧೨

ಪುಟ್ಟಿ,

ನಾನು.

ನಿನ್ನಮ್ಮ ತೀರಿಕೊಂಡ ವಾರವೇ ನಾನು ಹಾಕಿದ ಬೀಗ. ಕೀಲಿಯನ್ನು ಗಡಿಯಾರದ ಹಿಂದೆ ಇಟ್ಟೆ. ಆಮೇಲೆ ಗಡಿಯಾರಕ್ಕೆ ಕೀಲಿ ಕೊಡುವುದನ್ನೂ ಬಿಟ್ಟೆ, ಅಲ್ಲಿ ಕೈ ಹಾಕಬಾರದಲ್ಲ ಅಂತ. ಮನೆಗೆ ಬಂದವರು ಗಂಟೆ ಕೇಳಿದರೆ ‘ಅದು ನಿಂತಿದೆ’ ಅನ್ನುತ್ತಿದ್ದೆ. ನಿಲ್ಲಿಸಿದವನು ಯಾರು ಅಂತ ಕೇಳುವವಳು ಇರಲಿಲ್ಲ.

ನಿನ್ನ ಕಾಗದ ಓದಿದ ಮೇಲೆ ಕುರ್ಚಿ ಹತ್ತಿ ಕೀಲಿ ತೆಗೆದೆ. ಮಂಡಿ ಬೇಡ ಅಂದಿತು, ಕೇಳಲಿಲ್ಲ. ಬೀಗ ತೆಗೆದು ಒಂದೊಂದೇ ಬಟ್ಟೆಯನ್ನು ಮಂಚದ ಮೇಲೆ ಹರವಿದೆ. ದರ್ಜಿ ಬಂದು ನನ್ನ ಜೊತೆ ಮಡಿಸಿದ. ‘ಈ ರವಿಕೆ ನಾನು ಹೊಲ್ದಿದ್ದು. ಒಂದು ಬೆರಳು ಉದ್ದ ಆಯ್ತು ಅಂತ ನಿಮ್ಮನೆಯವ್ರು ನನ್ನ ಅಂಗಡೀಲೇ ಜಗಳ ತೆಗೆದ್ರು’ ಅಂದ. ‘ಸರಿಮಾಡಿಕೊಟ್ಯಾ?’ ಅಂದೆ. ‘ಎಲ್ಲಿ! ಯಾರು ಕತ್ತರಿಸಿದ್ದು ಅಂದ್ರು, ನಾನೇ ಅಂದೆ. ಒಪ್ಕೊಂಡ್ಯಲ್ಲ ಸಾಕು ಹೋಗು ಅಂದ್ರು.’ ಇಬ್ಬರೂ ನಕ್ಕೆವು. ಆಮೇಲೆ ಅವನು ಚಹಾ ಮಾಡುತ್ತೇನೆ ಅಂತ ಹೇಳಿ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಒಳ್ಳೆಯವನು.

ಶಾಲು ಈ ಕಾಗದದ ಜೊತೆಗೇ ಬರುತ್ತಿದೆ. ಒಗೆದಿಲ್ಲ.

ಈಗ ಪತ್ರಿಕೆಯ ವಿಷಯ. ಮೈಕಿನ ಹಿಂದೆ ಕೂತು ಬದುಕಿದವನು ಅಂದೆ. ನಿಜ. ಕೂತಲ್ಲಿಂದಲೇ ಹೇಳುತ್ತೇನೆ, ಅಲ್ಲಿ ಕೂತವನಿಗೆ ಕಿಟಕಿಗೆ ಬಂದು ಕೇಳುವ ಜನರ ಮುಖ ಕಾಣುತ್ತದೆ. ಬರೆ ಅಂತ ನಾನು ಆಜ್ಞೆ ಮಾಡುವುದಿಲ್ಲ. ಕುರ್ಚಿ ಹೋಗುವುದು ನಿನ್ನದು, ನನ್ನದಲ್ಲ. ನೀನು ಬರೆಯದಿದ್ದರೂ ನನ್ನ ಮಗಳೇ. ಆದರೆ ಕೋಣೆಯ ಕಾರಣಕ್ಕೆ ಬರೆಯದೇ ಇರಬೇಡ. ಆ ತೊಂದರೆ ತೀರಿತು ಅಂತ ತಿಳಿ. ಕಪಾಟು ಖಾಲಿಯಾಗಿದೆ, ಅದರಲ್ಲಿ ಐದು ಖಾನೆಗಳಿವೆ. ಒರೆಸಿ ಕಾಗದ ಹಾಸಿದ್ದೇನೆ. ಪತ್ರಿಕೆಯ ವಿಳಾಸ ಇದೇ ಮನೆಯಾಗಲಿ, ಪ್ರತಿಗಳು ಇಲ್ಲಿರಲಿ. ಚಂದಾದಾರರಿಗೆ ಕಟ್ಟು ಕಟ್ಟಿ ಅಂಚೆಗೆ ಹಾಕುವುದು ನಾನು ಮತ್ತು ದರ್ಜಿ. ಅವನ ಗಂಟು ಬಿಚ್ಚುವವರು ಇನ್ನೂ ಹುಟ್ಟಿಲ್ಲ. ಅಂಚೆಕಚೇರಿಗೆ ಹೇಗೂ ನಡೆದೇ ಹೋಗುತ್ತೇವೆ.

ಹೆಸರಿನ ಬಗ್ಗೆ ಯೋಚಿಸಿದೆ. ‘ಯಾರಿಂದ’ ಅಂತ ಇಡು. ಬೈ ಹೂಮ್.

ಬೀಗ ಹಾಕಿದವನೂ ತೆಗೆದವನೂ,
ಅಪ್ಪ

ಡಿಸೆಂಬರ್ ೧

ಅಪ್ಪಾ,

ಶಾಲು ಹೊದ್ದುಕೊಂಡೇ ಬರೆಯುತ್ತಿದ್ದೇನೆ.

ಲೇಖನ ತಿದ್ದಿದೆ. ‘ಎಂಬತ್ತು ಎಂದು ಸಮಿತಿ ತೀರ್ಮಾನಿಸಿತು. ಸಮಿತಿಯಲ್ಲಿದ್ದವರು ಇವರು’ ಅಂತ ಐದು ಹೆಸರು, ಐದು ಹುದ್ದೆ. ಅಚ್ಚಿಗೆ ಮೊದಲೇ ಐವರಿಗೂ ಕಳಿಸಿ, ಉತ್ತರವಿದ್ದರೆ ಹಾಕುತ್ತೇವೆ ಅಂದೆವು. ಒಬ್ಬರು ಉತ್ತರ ಕೊಟ್ಟರು, ‘ನಾನು ಎಪ್ಪತ್ತು ಅಂದಿದ್ದೆ, ಉಳಿದವರು ಕೇಳಲಿಲ್ಲ’ ಅಂತ. ಅದನ್ನೂ ಹಾಕಿದ್ದೇವೆ. ಪ್ರಿನ್ಸಿಪಾಲರು ಉತ್ತರಿಸಲಿಲ್ಲ, ಬೀಗದ ಕೈ ವಾಪಸ್ ಕೇಳಿದರು. ಮುಂದಿನ ವರ್ಷದ ಮುಖ್ಯಸ್ಥರಾಗಿ ಬೇರೆಯವರನ್ನು ಆರಿಸಿದರು.

ಕೋಣೆ ಬಿಡುವಾಗ ಗುಂಗುರು ಮೇಷ್ಟ್ರು ಸಿಂಕಿನ ಮೇಲಿನ ಹಲಗೆಯನ್ನು ಬಗಲಲ್ಲಿ ಇಟ್ಟುಕೊಂಡು ಬಂದರು. ‘ಇದು ನಮ್ಮದು, ನಾವು ತಂದಿದ್ದು’ ಅಂತ ಕಾವಲಿನವರಿಗೆ ಹೇಳುತ್ತಿದ್ದರು. ಈಗ ಅವರ ಮನೆಯ ವರಾಂಡವೇ ನಮ್ಮ ಕಚೇರಿ.

ಲೇಖಕರಿಗೆ ಒಂದು ನಿಯಮ ಮಾಡಿದ್ದೇವೆ. ಮಾಡಿದವರು ಯಾರೆಂದು ತಿಳಿದಿದ್ದರೆ ಲಾಯಿತು ಬರೆಯಬಾರದು. ತಿಳಿದಿಲ್ಲದಿದ್ದರೆ ‘ಯಾರೆಂದು ತಿಳಿಯಲಿಲ್ಲ’ ಅಂತಲೇ ಬರೆಯಬೇಕು. ಒಬ್ಬ ಪ್ರೊಫೆಸರರು ಇಷ್ಟಕ್ಕೇ ಲೇಖನ ಹಿಂದಕ್ಕೆ ಪಡೆದರು. ಲಾಯಿತು ತೆಗೆದರೆ ಅದರಲ್ಲಿ ಉಳಿಯುವುದೇನೂ ಇರಲಿಲ್ಲ ಅಂತ ಕಾಣುತ್ತೆ.

ನಿನ್ನ ಹೆಸರು ಮಾತ್ರ ಒಪ್ಪಿಗೆಯಾಗಲಿಲ್ಲ. ‘ಯಾರಿಂದ’ ಅನ್ನುವುದೂ ಲಾಯಿತುವಿನ ಬಾಲವೇ ಅಪ್ಪಾ, ಯೋಚಿಸಿ ನೋಡು. ನಿನ್ನ ಇಂಗ್ಲಿಷ್ ಮೇಷ್ಟ್ರಿಗಿಂತ ಅಮ್ಮನೇ ಸರಿ. ಪತ್ರಿಕೆಯ ಹೆಸರು ‘ಯಾರು?’

ಪ್ರತಿಗಳು ಲಾರಿಯಲ್ಲಿ ನಿನ್ನ ಮನೆಗೆ ಹೊರಟಿವೆ. ಕಪಾಟಿನ ಬಾಗಿಲು ತೆರೆದಿಡು.

ಪುಟ್ಟಿ

ಡಿಸೆಂಬರ್ ೧೮

ಸಂಪಾದಕಿಯವರೇ, ಪುಟ್ಟಿ,

ಪ್ರತಿಗಳು ಬಂದವು. ಲಾರಿಯವನು ‘ಒಳಗೇನಿದೆ ಯಜಮಾನ್ರೇ, ಕಲ್ಲಾ?’ ಅಂದ. ‘ಪ್ರಶ್ನೆ’ ಅಂದೆ. ಬಾಗಿಲವರೆಗೆ ಮಾತ್ರ ಹೊತ್ತ. ಅಲ್ಲಿಂದ ಒಳಕ್ಕೆ ದರ್ಜಿಯೂ ನಾನೂ ಸಾಗಿಸಿದೆವು. ಕಪಾಟಿನ ನಾಲ್ಕು ಖಾನೆ ತುಂಬಿವೆ, ಐದನೆಯದು ಎರಡನೇ ಸಂಚಿಕೆಗೆ.

ದರ್ಜಿ ತನ್ನ ಪ್ರತಿ ಹಿಡಿದು ಬಸ್ಸಿಗೆ ಹೋದ. ಮತ್ತೆ ಕೆಂಪು ದೀಪ. ಇಳಿಯುವ ಮೊದಲು ಕಂಡಕ್ಟರಿಗೆ ಆ ಪುಟ ಬಿಡಿಸಿ ತೋರಿಸಿದನಂತೆ: ‘ಈ ಐದು ಜನದ್ದು ಎಲ್ರದ್ದೂ ಹಲ್ಲು ಗಟ್ಟಿ ಇದೆ ಅಂತ ಕಾಣುತ್ತಪ್ಪಾ.’ ಕಂಡಕ್ಟರ್ ಅದನ್ನು ಓದುತ್ತಾ ನಿಂತುಬಿಟ್ಟ, ಬಸ್ಸು ತಡವಾಯಿತು. ದರ್ಜಿ ಪಟ್ಟಿಗೆ ಇನ್ನೂ ಸೇರಿಲ್ಲ. ಸೇರುವವರೆಗೆ ಬಿಡುವುದಿಲ್ಲ ಅಂತ ಬೀದಿಯವರ ಅರ್ಜಿಯೊಂದನ್ನು ಬರೆಯುತ್ತಿದ್ದೇನೆ. ಮೇಲೆ ಐದು ಹೆಸರು, ಕೆಳಗೆ ನಮ್ಮೆಲ್ಲರದು.

ಪತ್ರಿಕೆಯನ್ನು ಮುಖಪುಟದಿಂದ ಕೊನೆಯ ಪುಟದವರೆಗೆ ಓದಿದೆ, ಇರುವೆ ಅಕ್ಷರಗಳನ್ನೂ ಬಿಡಲಿಲ್ಲ. ನಿನ್ನ ಲೇಖನದಲ್ಲಿ ಒಂದೇ ಒಂದು ಲಾಯಿತು ಸಿಗಲಿಲ್ಲ. ಗೊಣಗುಪೆಟ್ಟಿಗೆ ಹಾಗೇ ಇದೆ, ಅದಕ್ಕೆ ಸಂತೋಷ.

ಆದರೆ ಸಂಪಾದಕಿಯ ಕಣ್ಣು ತಪ್ಪಿಸಿ ಒಂದು ಕಡೆ ನುಸುಳಿದೆ. ಎರಡನೇ ಪುಟ, ನಡುವೆ, ಒಂಟಿ ಸಾಲು: ‘ಈ ಸಂಚಿಕೆಯನ್ನು, ಯಾವಾಗಲೂ ಯಾರು ಎಂದು ಕೇಳುತ್ತಿದ್ದವಳಿಗೆ ಅರ್ಪಿಸಲಾಗಿದೆ.’

ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ. ನಿಂತಿದ್ದ ಗಡಿಯಾರಕ್ಕೆ ಈಗ ಕೀಲಿ ಕೊಡುತ್ತಿದ್ದೇನಲ್ಲ, ಅದರ ಸದ್ದು ಜೊತೆಗಿತ್ತು. ಅವಳಾಗಿದ್ದರೆ ಓದಿ, ಕಣ್ಣೊರೆಸಿಕೊಂಡು, ಆಮೇಲೂ ಕೇಳಿಯೇ ಕೇಳುತ್ತಿದ್ದಳು. ಅವಳ ಪರವಾಗಿ ನಾನು ಕೇಳಬೇಕಿಲ್ಲ, ಉತ್ತರ ನನಗೆ ಗೊತ್ತು. ಎರಡನೇ ಸಂಚಿಕೆಯಲ್ಲಿ ತಿದ್ದುಪಡಿ ಹಾಕು, ಹೀಗೆ:

‘ಅರ್ಪಿಸಿದವರು: ಅವಳ ಮಗಳು, ಅವಳ ಗಂಡ.’

ಈ ಸಲವಾದರೂ ಹೆಸರು ಹಾಕಬೇಡ ಅನ್ನಬೇಡ.

ಅಪ್ಪ